ತಗಡಿನ ಹಿಂದಿನ ಸಾಲು

ತಗಡು ಬಂದಿದ್ದು ಮಂಗಳವಾರ. ಎರಡು ಲಾರಿ ತುಂಬ ಬಂತು. ಕೆಳಗಿನ ಸಾಲಿನ ಐವತ್ತೆರಡು ಮನೆಗಳ ಮುಂದೆ ಕಬ್ಬಿಣದ ಕಂಬ ನೆಟ್ಟರು. ಕಂಬಕ್ಕೆ ತಗಡು ಹೊಡೆದರು. ಆಳು ಕೈಯೆತ್ತಿ ನಿಂತರೂ ತುದಿ ಸಿಗದಷ್ಟು ಎತ್ತರ. ಸಂಜೆಯ ಹೊತ್ತಿಗೆ ಮನೆಗಳು ರಸ್ತೆಗೆ ಕಾಣದಾದವು. ರಸ್ತೆಯೂ ಮನೆಗಳಿಗೆ ಕಾಣದಾಯಿತು.

ಬುಧವಾರ ಬಣ್ಣದವರು ಬಂದು ತಗಡಿನ ಹೊರಮೈಗೆ ಊರಿನ ಚಿತ್ರ ಬರೆದರು. ಕೆರೆ, ಕೆರೆಯಲ್ಲಿ ದೋಣಿ, ದೋಣಿಯಲ್ಲಿ ನಗುವ ಗಂಡ, ಹೆಂಡತಿ, ಮಕ್ಕಳು. ಮೇಲೆ ದೊಡ್ಡ ಅಕ್ಷರ: ‘ಊರಿಗೆ ನೂರೈವತ್ತು ವರ್ಷ. ಎಲ್ಲೇ ಇರಿ, ಮರಳಿ ಬನ್ನಿ. ಇದು ನಿಮ್ಮ ಊರು.’ ಒಳಮೈ ಬರೀ ತಗಡು. ಬಿಸಿಲು ಬಿದ್ದರೆ ಕಾದ ಹಂಚು.

ದೊಡ್ಡಕ್ಕ ಆ ಸಾಲಿನವಳು. ನಗರಸಭೆಯ ಮೋರಿ ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷವಾಗಿತ್ತು. ಇನ್ನೂ ಕಾಯಂ ಆಗಿರಲಿಲ್ಲ. ತಂಡದಲ್ಲಿ ಒಂಬತ್ತು ಜನ. ಯಾವ ಮೋರಿ ಎಲ್ಲಿ ತಿರುಗುತ್ತದೆ, ಯಾವ ಕಲ್ಲು ಸಡಿಲ, ಎಲ್ಲಿ ಕಾಲಿಟ್ಟರೆ ಎದೆಮಟ್ಟ ಹೂಳು, ಇದೆಲ್ಲ ಅವಳ ಕಾಲಿಗೆ ಗೊತ್ತಿತ್ತು. ಗಂಡ ತೀರಿಕೊಂಡಿದ್ದ. ಮಗ ಲಾರಿ ಓಡಿಸುತ್ತ ದೂರ ಹೋಗಿದ್ದ. ಮನೆಯಲ್ಲಿ ಸೊಸೆ ಇದ್ದಳು, ಹನ್ನೊಂದು ದಿನದ ಹಸಿ ಬಾಣಂತಿ.

ಸಾಲು ರಸ್ತೆಗಿಂತ ನಾಲ್ಕಡಿ ತಗ್ಗಿನಲ್ಲಿತ್ತು. ಬೆನ್ನಿಗೆ ಗೋದಾಮಿನ ಗೋಡೆ. ಎರಡೂ ತುದಿಯಲ್ಲಿ ಅದೇ ಗೋಡೆ ತಿರುಗಿ ರಸ್ತೆಗೆ ಬಂದು ಸೇರುತ್ತಿತ್ತು. ಮನೆಗಳ ಮುಂದೆ ದೊಡ್ಡ ಮೋರಿ. ಮೇಲಿನ ಊರಿನ ಹೊಲಸೆಲ್ಲ ಅದರಲ್ಲಿ ಹರಿದು, ರಸ್ತೆಯ ಕೆಳಗಿನ ಕೊಳವೆ ಹೊಕ್ಕು, ಆಚೆಯ ಕೆರೆಗೆ ಬೀಳುತ್ತಿತ್ತು. ತಗಡು ಹೊಡೆದವರು ಮೋರಿಯನ್ನೂ ಒಳಗೇ ಸೇರಿಸಿ ಹೊಡೆದಿದ್ದರು. ನಡುವೆ ಒಂದೇ ಬಾಗಿಲು. ಅದರ ಚಿಲಕ ಹೊರಗಡೆ.

ಚಿಲಕ ಹೊರಗೆ ಯಾಕೆ ಎಂದು ಸಾಲಿನ ಹೆಂಗಸರು ಕೇಳಿದರು. ಬಾಗಿಲು ಹೊಡೆಯುತ್ತಿದ್ದವನು, ನನಗೆ ಕೊಟ್ಟ ಅಳತೆ ಇದು, ಮಿಕ್ಕಿದ್ದು ಗೊತ್ತಿಲ್ಲ ಅಂದ. ದೊಡ್ಡಕ್ಕ ಆ ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದಳು.

ಗುರುವಾರ ಮೇಸ್ತ್ರಿ ತಂಡವನ್ನು ಕೆರೆಯ ದಂಡೆಗೆ ಕರೆದೊಯ್ದ. ಕೆರೆಯ ಮೇಲೆ ವೇದಿಕೆ ಕಟ್ಟುತ್ತಿದ್ದರು. ಬಾಡಿಗೆ ದೋಣಿಗಳು ಬಂದಿದ್ದವು. ಮೂರು ದಿನ ಕೆರೆಗೆ ಒಂದು ಹನಿ ಹೊಲಸು ಬೀಳಕೂಡದು, ಕೊಳವೆಯ ಬಾಯಿ ಕಟ್ಟಬೇಕು ಎಂದು ಅವನು ಹೇಳಿದ. ಮರಳು ತುಂಬಿದ ಚೀಲಗಳು ಬಂದು ಬಿದ್ದಿದ್ದವು. ಒಂದೊಂದೂ ಒಬ್ಬ ಆಳಿನ ತೂಕ.

ಇಳಿದವರು ಇಬ್ಬರು. ದೊಡ್ಡಕ್ಕ ಮತ್ತು ಕಂಬ. ಉದ್ದಕ್ಕೆ ಬೆಳೆದದ್ದರಿಂದ ಅವನಿಗೆ ಕಂಬ ಎಂದೇ ಹೆಸರು ಬಿದ್ದಿತ್ತು. ಅವನೂ ಸಾಲಿನವನೇ, ಕೊನೆಯ ಮನೆ. ನಡೆಯಲಾರದ ತಾಯಿಯನ್ನು ದಿನವೂ ಎತ್ತಿ ಹೊರಗೆ ಕೂರಿಸಿ, ಉಣಿಸಿ, ಮತ್ತೆ ಚಾಪೆಯ ಮೇಲೆ ಮಲಗಿಸಿ ಕೆಲಸಕ್ಕೆ ಬರುತ್ತಿದ್ದ. ಇಬ್ಬರೂ ಸೊಂಟದವರೆಗೆ ಕಪ್ಪು ನೀರಿನಲ್ಲಿ ನಿಂತರು. ಮೇಲಿನಿಂದ ಚೀಲ ಜಾರಿಸಿದರೆ ಎದೆಗೆ ಒರಗಿಸಿಕೊಂಡು ತಿರುಗಿಸಿ ಇಡಬೇಕು. ಮೊದಲ ಸಾಲು ಅಡ್ಡ, ಎರಡನೆಯದು ಉದ್ದ. ನಲವತ್ತು ಚೀಲ. ದೊಡ್ಡಕ್ಕನ ಉಗುರಿನ ಸಂದಿಯಿಂದ ರಕ್ತ ಬಂತು. ಕೈಗವಸು ಕೊಡುತ್ತೇವೆ ಎಂದು ಹೇಳಿ ಆರು ವರ್ಷವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಕೊಳವೆ ಮುಚ್ಚಿತು. ಅವಳು ಮೇಲೆ ಬಂದು ಮೇಸ್ತ್ರಿಯನ್ನು ಕೇಳಿದಳು.

"ಬಾಯಿ ಕಟ್ಟಿದ್ದಾಯ್ತು. ನೀರು ಎಲ್ಲಿಗೆ ಹೋಗುತ್ತೆ?"

"ಪಂಪು ಬರ್ತಾ ಇದೆ. ನಿಮ್ಮ ಸಾಲಿನಿಂದ ಎತ್ತಿ ಆಚೆ ಹಳ್ಳಕ್ಕೆ ಬಿಡ್ತಾರೆ."

"ಪಂಪು ನಿಂತ್ರೆ?"

"ಯಾಕೆ ನಿಲ್ಲುತ್ತೆ? ಒಳ್ಳೇ ಮಾತು ಆಡೋದು ಕಲಿ."

ಪಂಪು ಬಂತು. ತಗಡಿನ ಹೊರಗೆ, ರಸ್ತೆಯ ಬದಿಗೆ ಇಟ್ಟರು. ಡೀಸೆಲ್ ಪಂಪು, ಗುಡುಗಿದ ಹಾಗೆ ಸದ್ದು. ಮೋರಿಯ ನೀರನ್ನು ದಪ್ಪ ರಬ್ಬರು ಪೈಪಿನಲ್ಲಿ ಎಳೆದು ಹಾಕತೊಡಗಿತು. ಆ ಸದ್ದಿಗೆ ಸೊಸೆಯ ಮಗು ಬೆಚ್ಚಿ ಬೆಚ್ಚಿ ಅಳುತ್ತಿತ್ತು. ಆದರೂ ಸದ್ದು ಇರುವುದೇ ಒಳ್ಳೆಯದು ಎಂದು ದೊಡ್ಡಕ್ಕನಿಗೆ ಅನ್ನಿಸಿತು.

ಆ ಸಂಜೆ ಸೊಸೆ ಉತ್ಸವದ ಕರಪತ್ರ ಓದಿ ಹೇಳಿದಳು. ಮರಳಿ ಬರುವ ಗಣ್ಯರ ಫೋಟೋ ಅದರಲ್ಲಿತ್ತು. ಮೊದಲ ಫೋಟೋ ನೋಡಿ ದೊಡ್ಡಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ತಲೆ ನರೆತಿತ್ತು, ಕನ್ನಡಕ ಬಂದಿತ್ತು. ಕಿವಿ ಮಾತ್ರ ಅಪ್ಪನದೇ ಕಿವಿ. ಅದು ಅವಳ ತಮ್ಮ. ಹತ್ತೊಂಬತ್ತನೆಯ ವಯಸ್ಸಿಗೆ ಊರು ಬಿಟ್ಟವನು. ಮೂವತ್ತನಾಲ್ಕು ವರ್ಷ ಒಂದು ಕಾಗದ ಹಾಕಿರಲಿಲ್ಲ. ಎಲ್ಲೋ ದೊಡ್ಡ ಕಟ್ಟಡಗಳನ್ನು ಕಟ್ಟಿಸುತ್ತಾನೆಂದು ಗಾಳಿಮಾತು ಬಂದಿತ್ತು, ಅಷ್ಟೆ. ‘ಊರಿನ ಹೆಮ್ಮೆಯ ಮಗ,’ ಸೊಸೆ ಓದಿದಳು. ‘ಹುಟ್ಟಿದ್ದು ಹಳೇ ಅಂಗಡಿ ಬೀದಿಯಲ್ಲಿ.’

ದೊಡ್ಡಕ್ಕ ನಕ್ಕಳು. "ಅಂಗಡಿ ಬೀದಿ ನೀರು ನಮ್ಮನೆ ಮುಂದೆ ಹರಿದು ಬರೋದು ಗೊತ್ತಿತ್ತು. ನಮ್ಮನೇಲಿ ಹುಟ್ಟಿದೋನು ಅಂಗಡಿ ಬೀದಿಗೆ ಹರ್ಕೊಂಡು ಹೋಗಿದ್ದು ಇವತ್ತೇ ಕೇಳಿದ್ದು."

ನಕ್ಕ ಮೇಲೆ ಲೋಟ ಮತ್ತೆ ಕೈಗೆತ್ತಿಕೊಂಡಳು.

ಶುಕ್ರವಾರ ಉತ್ಸವ ಶುರುವಾಯಿತು. ರೈಲಿನಲ್ಲಿ, ಬಸ್ಸಿನಲ್ಲಿ, ಕಾರಿನಲ್ಲಿ ಜನ ಬಂದರು. ಶಾಲೆಯ ಸ್ನೇಹಿತರು ತಬ್ಬಿಕೊಂಡರು. ಮುದುಕರು ಹಳೆಯ ಮನೆಗಳ ಬಾಗಿಲು ಮುಟ್ಟಿ ನೋಡಿದರು. ಹೆಸರು ಬರೆಸುವ ಮೇಜಿನ ಹತ್ತಿರ ಊರಲ್ಲಿದ್ದವರಿಗೆ ಹಸಿರು ಬ್ಯಾಡ್ಜು, ಊರು ಬಿಟ್ಟು ಹೋಗಿದ್ದವರಿಗೆ ಹಳದಿ. ಕಂಬ ತಮಾಷೆಗೆ ಹೋಗಿ ನನಗೂ ಒಂದು ಹಸಿರು ಕೊಡಿ ಎಂದು ಕೇಳಿದ. ಮೇಜಿನ ಹುಡುಗಿ ಒಳ್ಳೆಯವಳು. ಯಾವ ಬೀದಿ ಎಂದು ಕೇಳಿ, ಪಟ್ಟಿಯನ್ನು ಎರಡು ಸಲ ಹುಡುಕಿದಳು. ಆ ಹೆಸರಿನ ಬೀದಿ ಪಟ್ಟಿಯಲ್ಲಿ ಬರುತ್ತಿಲ್ಲ ಎಂದು ಬೇಜಾರಿನಿಂದ ಹೇಳಿದಳು. ಕಂಬ ನಗುತ್ತಲೇ ವಾಪಸು ಬಂದ. ತಂಡಕ್ಕೆ ಕಿತ್ತಳೆ ಬಣ್ಣದ ಅಂಗಿ ಕೊಟ್ಟಿದ್ದರು. ಅದೇ ನಮ್ಮ ಬ್ಯಾಡ್ಜು ಅಂದ.

ಆ ದಿನ ಸಾಲಿನ ನಾಲ್ಕು ಮಕ್ಕಳು ತಗಡಿನ ಬಾಗಿಲು ದಾಟಿ ಹೋಗಿ ಊಟದ ಡೇರೆಯ ಮುಂದೆ ನಿಂತರು. ಏನೂ ಕೇಳಲಿಲ್ಲ, ನಿಂತರು ಅಷ್ಟೆ. ಅತಿಥಿಯೊಬ್ಬಳು ಫೋಟೋ ತೆಗೆದಳು. ಇನ್ನೊಬ್ಬ ಅತಿಥಿ ದೂರು ಕೊಟ್ಟ.

ಶನಿವಾರ ಬೆಳಿಗ್ಗೆ ಕೆಲಸದವರು ಹೊರಗೆ ಬಂದ ಮೇಲೆ ಬಾಗಿಲಿಗೆ ಬೀಗ ಬಿತ್ತು. ಕೈಕಾಲು ಗಟ್ಟಿ ಇದ್ದವರೆಲ್ಲ ಆ ದಿನ ಹೊರಗೇ ಇದ್ದರು. ಕುರ್ಚಿ ಹೊರುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ, ಕಕ್ಕಸು ತೊಳೆಯುವುದಕ್ಕೆ. ಒಳಗೆ ಉಳಿದವರು ಮುದುಕರು, ಮಕ್ಕಳು, ಕಾಯಿಲೆಯವರು. ಕೆಲಸ ಮುಗಿದ ಮೇಲೆ ತೆಗೆಯುತ್ತೇವೆ ಎಂದು ಕಾವಲಿನವನು ಹೇಳಿದ. ಕೀಲಿ ತನ್ನ ಹತ್ತಿರ ಇಲ್ಲ, ಇಂಜಿನಿಯರ್ ಸಾಹೇಬರ ಹತ್ತಿರ ಇದೆ ಎಂದೂ ಹೇಳಿದ.

ದೊಡ್ಡಕ್ಕನಿಗೆ ಕೆರೆಯ ದಂಡೆಯ ಕಸ ಎತ್ತುವ ಕೆಲಸ. ಬಿದಿರಿನ ಗಳುವಿನ ತುದಿಗೆ ಬಲೆ ಕಟ್ಟಿಕೊಂಡು ತೇಲುವ ಲೋಟ, ತಟ್ಟೆ ಎತ್ತಬೇಕು. ಅತಿಥಿಗಳು ಹತ್ತಿರ ಬಂದರೆ ಪಕ್ಕಕ್ಕೆ ಸರಿಯಬೇಕು. ಹತ್ತೂವರೆಗೆ ಭಾಷಣ ಶುರುವಾಯಿತು. ಮೊದಲನೆಯವನು ಎರಡು ಮಾತಾಡಿ ನಿಲ್ಲಿಸಿ, ಅದೇನು ಸದ್ದು, ಯಾರಿಗೂ ಏನೂ ಕೇಳುತ್ತಿಲ್ಲ ಅಂದ. ಯಾರೋ ಓಡಿದರು. ಒಂದು ನಿಮಿಷಕ್ಕೆ ಪಂಪು ನಿಂತಿತು.

ಸದ್ದು ನಿಂತದ್ದು ಅವಳ ಕಿವಿಗೆ ಏಟಿನ ಹಾಗೆ ಬಿತ್ತು. ಊರಿನಲ್ಲಿ ಅಂದು ಮೂರುಪಟ್ಟು ಜನ. ಮೂರುಪಟ್ಟು ಸ್ನಾನ, ಮೂರುಪಟ್ಟು ಕಕ್ಕಸು. ಅಷ್ಟೂ ಹರಿದು ಎಲ್ಲಿಗೆ ಬರುತ್ತದೆ ಎಂಬುದು ಅವಳಿಗೆ ಲೆಕ್ಕ ಹಾಕದೆಯೇ ಗೊತ್ತಿತ್ತು. ಮೇಸ್ತ್ರಿಯನ್ನು ಹುಡುಕಿಕೊಂಡು ಹೋದಳು. ಅವನು ಡೇರೆಯ ಹಿಂದೆ ತಿಂಡಿ ತಿನ್ನುತ್ತಿದ್ದ. ಭಾಷಣ ಮುಗಿಯಲಿ, ಹಾಕುತ್ತಾರೆ ಅಂದ. ಯಾವಾಗ ಮುಗಿಯುತ್ತದೆ ಎಂದು ಕೇಳಿದಳು. ಎಂಟು ಜನ ಮಾತಾಡುವವರಿದ್ದಾರೆ ಅಂದ. ಅವಳು ನಿಂತೇ ಇದ್ದಳು. ಅವನು ತಟ್ಟೆ ಹಿಡಿದುಕೊಂಡು ಆ ಕಡೆ ತಿರುಗಿ ಕೂತ.

ಹನ್ನೊಂದೂವರೆಗೆ ತಗಡು ಬಡಿಯುವ ಸದ್ದು ಕೇಳಿಸಿತು. ಮೊದಲು ಒಂದು ಕೈ. ಆಮೇಲೆ ಹತ್ತು ಕೈ. ವೇದಿಕೆಯ ಮೇಲೆ ಆಗ ಶಾಲಾಮಕ್ಕಳು ಬ್ಯಾಂಡು ಬಾರಿಸುತ್ತಿದ್ದರು. ತಗಡಿನ ಸದ್ದು ಡೋಲಿನ ಸದ್ದಿನಲ್ಲಿ ಸೇರಿಹೋಯಿತು. ಹಳದಿ ಬ್ಯಾಡ್ಜಿನ ಮುದುಕನೊಬ್ಬ ಆ ತಾಳಕ್ಕೆ ಕಾಲು ಕುಣಿಸುತ್ತ ಕೂತಿದ್ದ.

ಅವಳು ಬಿದಿರಿನ ಗಳು ಬಿಸಾಕಿ ರಸ್ತೆ ದಾಟಿ ಓಡಿದಳು. ತಗಡಿನ ಎರಡು ಹಾಳೆ ಸೇರುವ ಕಡೆ ಒಂದು ಬೆರಳಿನಷ್ಟು ಸಂದಿ. ಅಲ್ಲಿ ಕಣ್ಣಿಟ್ಟಳು. ಒಳಗೆ ನೆಲವೇ ಇರಲಿಲ್ಲ. ಕಪ್ಪು ನೀರು. ಮನೆಗಳ ಹೊಸ್ತಿಲು ಮುಳುಗಿತ್ತು. ಚಪ್ಪಲಿ, ಕೊಡ, ಒಂದು ದಿಂಬು ತೇಲುತ್ತಿದ್ದವು. ಮಕ್ಕಳು ನೀರಿನ ಡ್ರಮ್ಮಿನ ಮೇಲೆ ಹತ್ತಿ ನಿಂತಿದ್ದರು. ಸೊಸೆಯ ದನಿ ಹತ್ತಿರದಲ್ಲೇ ಕೇಳಿಸಿತು.

"ಅತ್ತೆ, ಮಂಚದ ಕಾಲು ಮುಳುಗಿದೆ. ಮಗೂನ ಎತ್ತಿ ಹಿಡಿದಿದೀನಿ. ನಿಲ್ಲೋಕೆ ಆಗ್ತಾ ಇಲ್ಲ."

ಕಾವಲಿನವನು ಕೈ ಚೆಲ್ಲಿದ. ಕೀಲಿ ಇಲ್ಲ. ಇಂಜಿನಿಯರ್ ಫೋನು ಎತ್ತುತ್ತಿಲ್ಲ. ಬೀಗ ಒಡೆದರೆ ನನ್ನ ಅನ್ನಕ್ಕೆ ಕಲ್ಲು ಬೀಳುತ್ತದೆ ಅಂದ. ಅವಳು ಬೀಗಕ್ಕೆ ಕಲ್ಲಿನಿಂದ ನಾಲ್ಕು ಏಟು ಹಾಕಿದಳು. ಹೊಸ ಬೀಗ, ಗೀರು ಬಿತ್ತು ಅಷ್ಟೆ. ಬಾಗಿಲು ತೆಗೆದರೂ ನೀರು ನಿಲ್ಲುವುದಿಲ್ಲ ಎಂಬುದು ಆಗ ಹೊಳೆಯಿತು. ಸಾಲು ತಗ್ಗು, ರಸ್ತೆ ಎತ್ತರ. ಕೊಳವೆ ಬಿಚ್ಚಬೇಕು, ಇಲ್ಲ ಪಂಪು ಓಡಬೇಕು. ಪಂಪು ಶುರು ಮಾಡುವ ಹಿಡಿಕೆ ಅಲ್ಲಿರಲಿಲ್ಲ. ಎರಡಕ್ಕೂ ದೊಡ್ಡವರ ಒಂದು ಮಾತು ಬೇಕಿತ್ತು.

ದೊಡ್ಡವರ ಪೈಕಿ ಒಬ್ಬ ಅವಳ ತಮ್ಮ.

ಅತಿಥಿಗಳ ಕಡೆ ಕಿತ್ತಳೆ ಅಂಗಿಯವರನ್ನು ಬಿಡುತ್ತಿರಲಿಲ್ಲ. ತಟ್ಟೆ ಎತ್ತುವುದಕ್ಕೆ ಬಂದೆ ಎಂದು ಸುಳ್ಳು ಹೇಳಿ ಒಳಗೆ ನುಗ್ಗಿದಳು. ಮೊದಲ ಸಾಲಿನಲ್ಲಿ ಮೆತ್ತೆ ಕುರ್ಚಿ. ತಮ್ಮ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವಳು ಬಗ್ಗಿ, ಅವನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು.

"ತಮ್ಮಾ, ನಾನು ಕಣೋ. ಮನೆ ಒಳಗೆ ನೀರು ನುಗ್ಗಿದೆ. ಬಾಗಿಲಿಗೆ ಬೀಗ ಹಾಕಿದಾರೆ. ನೀನೊಂದು ಮಾತು ಹೇಳು, ಪಂಪು ಶುರು ಮಾಡ್ತಾರೆ."

ಅವನು ತಿರುಗಿ ನೋಡಿದ. ಗುರುತು ಹತ್ತಿತು. ಅದು ಅವನ ಕಣ್ಣಿನಲ್ಲಿ ಬಂದು ಹೋದದ್ದನ್ನು ಅವಳು ನೋಡಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರು ಎಂದು ಕೇಳಿದಳು.

"ಏನಿಲ್ಲ, ಕೆಲಸದವರು. ನೀರು ಬೇಕಾ ಅಂತ ಕೇಳ್ತಿದಾರೆ," ಅಂದ. ಆಮೇಲೆ ಇವಳ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ಬೇಡಮ್ಮ. ನೀವು ಹೋಗಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಬಹುವಚನ ಅವಳ ಮುಖಕ್ಕೆ ಉಗಿದ ಹಾಗಾಯಿತು.

ದಂಡೆಗೆ ಬಂದು ಕಂಬನನ್ನು ಕರೆದಳು. ಹಗ್ಗ ತಾ, ಕೊಕ್ಕೆ ತಾ ಅಂದಳು. ಏನು ಮಾಡುತ್ತಾಳೆ ಎಂಬುದು ಅವನಿಗೆ ಅರ್ಥವಾಯಿತು.

"ಕೆಲಸ ಹೋಗುತ್ತೆ ದೊಡ್ಡಕ್ಕ. ಜೈಲಿಗೂ ಹಾಕ್ತಾರೆ."

"ಹಾಕ್ಲಿ. ನಿಮ್ಮವ್ವ ಚಾಪೆ ಮೇಲೆ ಮಲಗಿದಾಳೆ. ಹಗ್ಗ ಹಿಡಿ."

ಸೊಂಟಕ್ಕೆ ಹಗ್ಗ ಬಿಗಿದು ಇಳಿದಳು. ಕೊಳವೆಯ ಬಾಯಿ ಎದುರಿಗೆ ನಿಲ್ಲಬಾರದು. ಚೀಲ ಕಳಚಿದೊಡನೆ ಆಚೆಯ ನೀರು ಆಳನ್ನು ಎತ್ತಿ ಒಗೆಯುತ್ತದೆ. ಎಡಕ್ಕೆ ಒಂದು ಗೇಣಗಲದ ಕಲ್ಲು ಇತ್ತು. ಅದರ ಮೇಲೆ ಹಿಮ್ಮಡಿ ಊರಿ, ಗೋಡೆಗೆ ಬೆನ್ನು ಕೊಟ್ಟು, ಮೇಲಿನ ಚೀಲಕ್ಕೆ ಕೊಕ್ಕೆ ಹಾಕಿ ಎಳೆದಳು. ಬರಲಿಲ್ಲ. ನೆನೆದ ಮರಳು ಕಲ್ಲಿನ ಹಾಗೆ ಕೂತಿತ್ತು. ಮತ್ತೆ ಎಳೆದಳು. ರಟ್ಟೆಯಲ್ಲಿ ಏನೋ ಲಟಕ್ಕೆಂದಿತು. ಹಲ್ಲು ಕಚ್ಚಿ ಎಳೆದಳು. ಚೀಲ ಹರಿಯಿತು, ಮರಳು ಸುರಿಯಿತು. ಎರಡನೆಯದು. ಮೂರನೆಯದು. ಸಂದಿಯಿಂದ ಕಪ್ಪು ನೀರು ಚಿಮ್ಮಿ ಮುಖಕ್ಕೆ ಹೊಡೆಯಿತು. ಬಾಯಿಗೆ ಹೋಯಿತು. ಉಗುಳಿ ಮತ್ತೆ ಕೊಕ್ಕೆ ಹಾಕಿದಳು. ಆರನೆಯ ಚೀಲಕ್ಕೆ ಮಿಕ್ಕವೆಲ್ಲ ತಾವೇ ಸರಿದವು.

ಕೊಳವೆ ಬಾಯಿ ಬಿಟ್ಟಿತು. ಆ ಸದ್ದಿಗೆ ಬ್ಯಾಂಡು ನಿಂತಿತು. ಕಂಬ ಇಡೀ ಮೈ ಹಿಂದಕ್ಕೆ ಕೊಟ್ಟು ಹಗ್ಗ ಎಳೆದ. ಅವಳು ಕಲ್ಲಿಗೆ ಅಂಟಿಕೊಂಡು ಬದುಕಿದಳು.

ಕೆರೆ ಕಪ್ಪಾಗುತ್ತ ಹೋಯಿತು. ಬಣ್ಣದ ದೋಣಿಗಳ ಸುತ್ತ ಊರಿನ ಹೊಲಸು ತೇಲಿತು. ಮೊದಲ ಸಾಲಿನವರು ಮೂಗು ಮುಚ್ಚಿಕೊಂಡು ಎದ್ದರು. ಕೆಲವರು ವಾಂತಿ ಮಾಡಿಕೊಂಡರು. ಇಂಜಿನಿಯರ್ ಓಡಿ ಬಂದ. ಹಿಂದೆ ಮೇಸ್ತ್ರಿ, ಅವನ ಹಿಂದೆ ಇಬ್ಬರು ಪೊಲೀಸರು. ಅವಳು ಮೆಟ್ಟಿಲು ಹತ್ತಿ ಬಂದು ದಂಡೆಯ ಹುಲ್ಲಿನ ಮೇಲೆ ನಿಂತಳು. ತಲೆಯಿಂದ ಕಾಲಿನವರೆಗೆ ಸುರಿಯುತ್ತಿತ್ತು.

"ಯಾರು ತೆಗೆದಿದ್ದು?" ಇಂಜಿನಿಯರ್ ಕೇಳಿದ.

"ನಾನು."

"ಇಳಿ. ವಾಪಸ್ ಹಾಕು."

"ಹಾಕಲ್ಲ."

"ನಾಳೆಯಿಂದ ನಿನಗೆ ಕೆಲಸ ಇಲ್ಲ."

"ಇವತ್ತಿಂದಾನೇ ಬೇಡ. ನೀವೇ ಇಳೀರಿ."

ಅವನು ಕಂಬನ ಕಡೆ ತಿರುಗಿದ. ಈ ತಿಂಗಳೇ ನಿನ್ನನ್ನು ಕಾಯಂ ಮಾಡಿಸುತ್ತೇನೆ, ಇಷ್ಟು ಜನರ ಎದುರಿಗೆ ಮಾತು ಕೊಡುತ್ತಿದ್ದೇನೆ, ಇಳಿ ಅಂದ. ಕಂಬ ಹನ್ನೊಂದು ವರ್ಷದಿಂದ ಆ ಮಾತಿಗೆ ಕಾದಿದ್ದ. ಕೈಯಲ್ಲಿದ್ದ ಹಗ್ಗ ನೋಡಿದ, ನೀರು ನೋಡಿದ. ಒಂದು ಹೆಜ್ಜೆ ಮೆಟ್ಟಿಲಿನ ಕಡೆ ಇಟ್ಟೂ ಇಟ್ಟ.

ದೊಡ್ಡಕ್ಕ ದನಿ ಎತ್ತಿದಳು. ಕೊಳವೆಯ ಒಳಗಿನಿಂದ ಹೊರಗಿನವರಿಗೆ ಕೂಗಿ ಕೂಗಿ ಪಳಗಿದ ಗಂಟಲು ಅದು. ಮೈಕು ಬೇಕಾಗಲಿಲ್ಲ.

"ಅವನನ್ನ ಯಾಕೆ ಕೇಳ್ತೀರಿ? ಮುಂದಿನ ಕುರ್ಚೀಲಿ ಊರಿನ ಹೆಮ್ಮೆಯ ಮಗ ಇದಾನಲ್ಲ, ಅವನನ್ನ ಕೇಳಿ. ಅವನಿಗೂ ಬರುತ್ತೆ ಈ ಕೆಲಸ. ನಮ್ಮಪ್ಪ ಅಕ್ಕ ತಮ್ಮ ಇಬ್ಬರಿಗೂ ಇದೇ ಕೊಳವೇಲಿ ಕಲಿಸಿದ್ದು."

ಎಲ್ಲರ ಮುಖ ಆ ಕಡೆ ತಿರುಗಿತು. ತಮ್ಮ ಎದ್ದು ನಿಂತಿದ್ದ. ಕರವಸ್ತ್ರ ಮೂಗಿನಿಂದ ಕೆಳಗಿಳಿಯಿತು. ಪಕ್ಕದ ಹೆಂಗಸು ಅವನನ್ನು ನೋಡುತ್ತ ಅರ್ಧ ಹೆಜ್ಜೆ ಹಿಂದೆ ಸರಿದಳು. ಅವನು ಬಾಯಿ ತೆರೆದ. ಏನೋ ಹೇಳುತ್ತಾನೆ ಎಂದು ದೊಡ್ಡಕ್ಕ ಕಾದಳು, ನಿಜವಾಗಿಯೂ ಕಾದಳು. ಅವನು ಬಾಯಿ ಮುಚ್ಚಿ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಕಾರಿನ ಕಡೆ ಹೋದ.

ಅಷ್ಟರಲ್ಲಿ ರಸ್ತೆಯ ಆಚೆ ತಗಡು ಕುಸಿಯಿತು. ಕುರ್ಚಿ ಹೊರುವವರು, ಪಾತ್ರೆ ತೊಳೆಯುವವರು ಎಲ್ಲ ಅಲ್ಲಿಗೆ ಓಡಿ, ಹಾರೆ ಹಾಕಿ ಎರಡು ಹಾಳೆ ಕಿತ್ತಿದ್ದರು. ನಗುವ ಗಂಡ ಹೆಂಡತಿಯ ಚಿತ್ರ ಬೋರಲು ಬಿತ್ತು. ಅದನ್ನು ತುಳಿದುಕೊಂಡು ಒಳಗಿನವರು ಹೊರಗೆ ಬಂದರು. ಎದೆಯವರೆಗೆ ಕಪ್ಪು. ಯಾರೂ ಅಳುತ್ತಿರಲಿಲ್ಲ. ಸೊಸೆ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು, ಗೋಡೆ ಹಿಡಿದುಕೊಂಡು ಬಂದಳು. ಮಗು ಬಿಕ್ಕುತ್ತಿತ್ತು. ಅದು ಬಿಕ್ಕುತ್ತಿದೆ ಎಂಬುದಷ್ಟೇ ಸಾಕು ಎಂದು ದೊಡ್ಡಕ್ಕ ಸೊಂಟದ ಹಗ್ಗ ಬಿಚ್ಚಿದಳು.

ಕೊನೆಗೆ ನಾಲ್ಕು ಜನ ಒಂದು ಬಾಗಿಲಿನ ಹಲಗೆ ಹೊತ್ತು ತಂದರು. ಹಲಗೆಯ ಮೇಲೆ ಕಂಬನ ತಾಯಿ. ಕೊನೆಯ ಮನೆ ಎಲ್ಲಕ್ಕಿಂತ ತಗ್ಗು. ಚಾಪೆಯಿಂದ ಎದ್ದು ಕೂರುವುದಕ್ಕೂ ಅವಳಿಗೆ ಇನ್ನೊಬ್ಬರ ಕೈ ಬೇಕಾಗಿತ್ತು. ಹೊತ್ತವರು ಎಲ್ಲಿ ಇಳಿಸಬೇಕೆಂದು ತಿಳಿಯದೆ, ಅತಿಥಿಗಳ ಕುರ್ಚಿಗಳ ಮುಂದೆ ಹಾಸಿದ್ದ ಕೆಂಪು ಜಮಖಾನದ ಮೇಲೆ ಇಳಿಸಿದರು. ಹಸಿರು ಬ್ಯಾಡ್ಜು, ಹಳದಿ ಬ್ಯಾಡ್ಜು ಎಲ್ಲ ಹಿಂದೆ ಹಿಂದೆ ಸರಿದವು.

ಕಂಬ ಹಗ್ಗ ಬಿಟ್ಟ. ತಾಯಿಯ ಹತ್ತಿರ ಹೋಗಿ ಮಂಡಿಯೂರಿ, ತನ್ನ ಕಿತ್ತಳೆ ಅಂಗಿ ಬಿಚ್ಚಿ ಅವಳ ಮುಖ ಒರೆಸಿದ. ಮೂಗಿನ ಹೊಳ್ಳೆ, ಕಿವಿ, ಬಾಯಿ, ಒಂದೊಂದಾಗಿ ಒರೆಸಿದ. ದಿನಾ ಬೆಳಿಗ್ಗೆ ಮಾಡುತ್ತಿದ್ದ ಕೆಲಸದ ಹಾಗೆ ಸಾವಕಾಶವಾಗಿ ಮಾಡಿದ. ಇಂಜಿನಿಯರ್ ಏನೋ ಹೇಳಲು ಹೋದ. ಕಂಬ ತಲೆ ಎತ್ತಿ ನೋಡಿದ ಅಷ್ಟೆ. ಇಂಜಿನಿಯರ್ ಹಿಂದಕ್ಕೆ ಹೆಜ್ಜೆ ಇಟ್ಟ.

ಪೊಲೀಸರು ದೊಡ್ಡಕ್ಕನನ್ನು ಆ ದಿನ ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿದರು. ಠಾಣೆಯ ಮುಂದೆ ಸಾಲಿನ ಜನ ಬಂದು ಕೂತರು. ಕೂಗಲಿಲ್ಲ, ಮೈ ತೊಳೆದುಕೊಳ್ಳದೆ ಹಾಗೇ ಬಂದು ಕೂತರು. ಆ ವಾಸನೆಗೆ ಠಾಣೆಯವರು ಅವಳನ್ನು ಬಿಟ್ಟು ಕಳಿಸಿದರು.

ಭಾನುವಾರ ಮುದುಕಿಯನ್ನು ಮಣ್ಣು ಮಾಡಿದರು. ಉತ್ಸವದ ಕೊನೆಯ ದಿನವನ್ನು ಮೇಲಿನ ಸಭಾಂಗಣಕ್ಕೆ ಸಾಗಿಸಿದ್ದರು, ಹಾಡು ಅಲ್ಲಿಂದ ಕೇಳಿಸುತ್ತಿತ್ತು. ಸೋಮವಾರ ಕಚೇರಿಯವನೊಬ್ಬ ಕಾಗದ ತಂದ. ತಾಯಿಗೆ ವಯಸ್ಸಾಗಿತ್ತು, ಮೊದಲಿಂದ ಕಾಯಿಲೆ ಇತ್ತು ಎಂದು ಅದರಲ್ಲಿ ಬರೆದಿತ್ತು. ಕಂಬ ಸಹಿ ಹಾಕಲಿಲ್ಲ. ಅದೇ ಮಧ್ಯಾಹ್ನ ಬೇರೆ ಇಬ್ಬರು ಅಳತೆಯ ಟೇಪು ಹಿಡಿದು ಬಂದರು. ಏನನ್ನೂ ಹೇಳದೆ ಮನೆ ಮನೆಯ ಬಾಗಿಲಿಗೂ ಕೆಂಪು ಬಣ್ಣದಲ್ಲಿ ನಂಬರು ಬರೆದರು. ಕೆಡವುವ ಮನೆಗಳಿಗೆ ಬರೆಯುವ ಹಾಗೆ, ಒಂದರಿಂದ ಐವತ್ತೆರಡು.

ಮಂಗಳವಾರ ಬೆಳಿಗ್ಗೆ ಹಾಜರಿ ಹಾಕುವ ಜಾಗಕ್ಕೆ ತಂಡದ ಒಬ್ಬರೂ ಹೋಗಲಿಲ್ಲ. ಬುಧವಾರ ಬೇರೆ ಮೂರು ತಂಡದವರೂ ಹೋಗಲಿಲ್ಲ. ಒಟ್ಟು ನಲವತ್ತು ಜನ. ಯಾರೂ ಸಭೆ ಮಾಡಿರಲಿಲ್ಲ, ಬೋರ್ಡು ಬರೆದಿರಲಿಲ್ಲ. ಸಲಿಕೆ, ಕೊಕ್ಕೆಗಳನ್ನು ಮನೆಯ ಗೋಡೆಗೆ ಒರಗಿಸಿ ಕೂತರು. ಹೊರಗಿನಿಂದ ಆಳು ತಂದರು. ಅವರು ಮೋರಿಯ ಮುಚ್ಚಳ ಎತ್ತಿ, ಒಳಗೆ ನೋಡಿ, ವಾಪಸು ಹೋದರು. ಮೂರು ದಿನದ ಉತ್ಸವದ ತಟ್ಟೆ, ಲೋಟ, ತೋರಣ, ಹೂವು ಎಲ್ಲ ಮೇಲಿನ ಕೊಳವೆಗಳಲ್ಲಿ ಹೋಗಿ ಕೂತಿತ್ತು.

ಗುರುವಾರ ಮಧ್ಯಾಹ್ನ ಮೇಸ್ತ್ರಿ ಸಾಲಿಗೆ ಬಂದ. ಕಿತ್ತ ತಗಡಿನ ಸಂದಿಯಲ್ಲಿ ನಿಂತ, ಒಳಗೆ ಕಾಲಿಡಲಿಲ್ಲ. ದೊಡ್ಡಕ್ಕ ಮನೆಯ ಮುಂದೆ ಕೂತು ಮಗುವಿನ ಬಟ್ಟೆ ಹಿಂಡುತ್ತಿದ್ದಳು. ಕಂಬ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ. ಮೇಲಿನ ಬಡಾವಣೆಯಲ್ಲಿ ಮೋರಿ ಕಟ್ಟಿಕೊಂಡು ಮನೆಗಳ ಒಳಗೆ ಹೊಲಸು ನೀರು ಬಂದಿದೆ, ಸಾಹೇಬರೇ ಕಳಿಸಿದ್ದಾರೆ, ಆದದ್ದು ಆಗಿಹೋಯಿತು ಎಂದು ಮೇಸ್ತ್ರಿ ಶುರು ಮಾಡಿದ. ಅವಳು ಹಿಂಡುತ್ತಲೇ ಇದ್ದಳು.

"ಎಲ್ಲಿವರೆಗೆ ಬಂದಿದೆ?"

"ಪಾದ ಮುಳುಗೋಷ್ಟು."

ಅವಳು ಬಟ್ಟೆ ಕೊಡವಿ ಹಗ್ಗದ ಮೇಲೆ ಹರವಿದಳು.

"ಹಾಗಾದ್ರೆ ಇನ್ನೂ ಹೊತ್ತಿದೆ," ಅಂದಳು.